ಹುಲಿ-ಕುರಿ ಆಟವೂ ಅಣ್ಣನ ಕಪ್ಪು ಡಿಸ್ಕೂ



ಈ ತಿಂಗಳ ಗೋಡೆ ಪತ್ರಿಕೆಗೆ "ನನಗಿಷ್ಟವಾದ ಆಟ" ಎಂಬ ವಿಷಯ ಕೊಟ್ಟಿದ್ದಾರೆ. ಹುಡುಗರೆಲ್ಲ ಕ್ರಿಕೆಟ್, ಕಬಡ್ಡಿ ಅಂತ ಬರೆದಿದ್ದಾರೆ. ಹುಡುಗಿಯರು ಕುಂಟೆಬಿಲ್ಲೆ, ಖೊಖೊ ಬರೆದಿದ್ದಾರೆ. ನಾನು ಮೊದಲೇ ಇಣುಕಿ ನೋಡಿಬಿಟ್ಟೆ. ನಾನು ಬರೆಯುವುದು ಎರಡು ಆಟಗಳ ಬಗ್ಗೆ. ಒಂದು ನಮ್ಮ ಅಜ್ಜನದು, ಇನ್ನೊಂದು ನಮ್ಮ ಅಣ್ಣನದು. ಅಣ್ಣನ ಆಟ ಟಿ.ವಿ.ಗೆ ವೈರು ಸಿಕ್ಕಿಸಿ ಆಡುವಂಥದ್ದು. ಆದರೆ ಅದು ಮೊಬೈಲ್ ಗೇಮ್ ಅಲ್ಲ, ಆದ್ದರಿಂದ ಮೇಷ್ಟ್ರು ಬೈಯಬಾರದಾಗಿ ವಿನಂತಿ.

ನಮ್ಮ ಅಜ್ಜ, ಅಂದರೆ ಅಮ್ಮನ ಅಪ್ಪ, ಭದ್ರಾವತಿಯ ಹಳೇನಗರದಲ್ಲಿದ್ದಾರೆ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಆ ಕಾರ್ಖಾನೆ ಶುರುವಾದದ್ದು 1918ರಲ್ಲಿ, ಕಬ್ಬಿಣ ಬಂದದ್ದು 1923ರಲ್ಲಿ. ಇದು ಪರೀಕ್ಷೆಗೂ ಉಪಯೋಗಕ್ಕೆ ಬರಬಹುದು. ಅಜ್ಜನ ಹತ್ತಿರ ಸ್ಲೇಟಿನಷ್ಟಗಲದ ಒಂದು ಕಬ್ಬಿಣದ ತಗಡು ಇದೆ. ಗುಜರಿ ಅಂಗಡಿಯಲ್ಲಿ ಕೊಂಡದ್ದಂತೆ. ಅದರ ಮೇಲೆ ಉಳಿಯಿಂದ ಹುಲಿ-ಕುರಿ ಆಟದ ಗೆರೆ ಕೊರೆದಿದ್ದಾರೆ. ಹುಲಿ ಅಂದರೆ ಮೂರು ಬೋಲ್ಟು. ಕುರಿ ಅಂದರೆ ಹದಿನೈದು ನಟ್ಟು. ಎಲ್ಲೇ ಹೋದರೂ ಅದನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡೇ ಹೋಗ್ತಾರೆ. ಅಜ್ಜಿ ಅದನ್ನು "ಸವತಿ" ಅಂತಾಳೆ.

ಗೊತ್ತಿಲ್ಲದವರಿಗಾಗಿ ಆಟ ಹೇಳುತ್ತೇನೆ. ಮೇಲೆ ಒಂದು ಶಿಖರ. ಅಲ್ಲಿಂದ ನಾಲ್ಕು ಗೆರೆ ಕೆಳಗೆ ಇಳಿಯುತ್ತವೆ. ಅಡ್ಡಲಾಗಿ ಮೂರು ಗೆರೆ, ಎರಡೂ ಕಡೆ ಸ್ವಲ್ಪ ಹೊರಗೆ ಚಾಚಿಕೊಂಡು. ಶಿಖರದ್ದು ಒಂದು ಮನೆ, ಅಡ್ಡಗೆರೆಗೆ ಆರಾರರಂತೆ ಹದಿನೆಂಟು, ತಳದಲ್ಲಿ ನಾಲ್ಕು. ಒಟ್ಟು 23 ಮನೆ. ಹುಲಿ ಮೊದಲು ಕೂರುತ್ತದೆ. ಕುರಿಗಳನ್ನು ಒಂದೊಂದಾಗಿ ಇಡಬೇಕು. ಎಲ್ಲ ಕುರಿ ಇಟ್ಟು ಮುಗಿಯುವ ತನಕ ಇಟ್ಟ ಕುರಿ ಅಲ್ಲಾಡುವ ಹಾಗಿಲ್ಲ. ಪಕ್ಕದ ಕುರಿಯ ಆಚೆ ಮನೆ ಖಾಲಿ ಇದ್ದರೆ ಹುಲಿ ಹಾರಿ ಕುರಿ ತಿನ್ನುತ್ತದೆ. ಆಚೆ ಇನ್ನೊಂದು ಕುರಿ ನಿಂತಿದ್ದರೆ ಹಾರಲು ಆಗುವುದಿಲ್ಲ. ಮೂರು ಹುಲಿಯೂ ಅಲ್ಲಾಡದ ಹಾಗೆ ಕಟ್ಟಿಹಾಕಿದರೆ ಕುರಿಗಳು ಗೆದ್ದ ಹಾಗೆ. ಮಕ್ಕಳು ಆಡುವಾಗ ಎಲ್ಲರೂ ಹುಲಿ ಬೇಕು ಅಂತಾರೆ. ಅಜ್ಜ ಮಾತ್ರ ಯಾವಾಗಲೂ ಕುರಿ ಕೇಳ್ತಾರೆ. "ಹುಲಿಗೆ ಹಸಿವು ಇದ್ರೆ ಸಾಕು ಮಗಾ, ಕುರಿಗೆ ಲೆಕ್ಕ ಬೇಕು" ಅನ್ನೋದು ಅವರ ಮಾತು.

ಇನ್ನು ಅಣ್ಣನ ವಿಷಯ. ಇವನು ನನ್ನ ದೊಡ್ಡಮ್ಮನ ಮಗ. ಶಿವಮೊಗ್ಗದಲ್ಲಿ ಮೊಬೈಲ್ ರಿಪೇರಿ ಮಾಡ್ತಾನೆ. ಸಂಪಾದನೆ ಅಷ್ಟಕ್ಕಷ್ಟೆ. ಆದರೆ ಅವನ ಸ್ಟೀಲ್ ಬೀರುವಿನ ಮೇಲಿನ ಖಾನೆಯಲ್ಲಿ ಬಟ್ಟೆ ಇಲ್ಲ, ಹಳೆಯ ವಿಡಿಯೋ ಗೇಮ್ ಡಿಸ್ಕುಗಳಿವೆ. ನಾನು ಎಣಿಸಿದಾಗ 41 ಇದ್ದವು. ಅಂಚೆಚೀಟಿ, ನಾಣ್ಯ ಸಂಗ್ರಹಿಸುವವರ ಬಗ್ಗೆ ನಾವು ಪಾಠದಲ್ಲಿ ಓದಿದ್ದೇವೆ. ಅಣ್ಣನೂ ಅಂಥವನೇ. ಡಿಸ್ಕಿನ ಹೊಳೆಯುವ ಕಡೆ ಬೆರಳು ತಾಗಿಸಬಾರದು. ಡಬ್ಬಿ ತೆಗೆಯುವ ಮೊದಲು ಕೈ ತೊಳೆದು ಒರೆಸಿಕೊಳ್ಳಬೇಕು. ನಮ್ಮ ಮಲೆನಾಡಿನ ಮಳೆಗೆ ಡಬ್ಬಿಯೊಳಗಿನ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಚಪ್ಪಲಿ ಡಬ್ಬಿಯಲ್ಲಿ ಬರುವ ಸಣ್ಣ ಸಣ್ಣ ಪೊಟ್ಟಣಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಖಾನೆಯ ತುಂಬ ಇಟ್ಟಿದ್ದಾನೆ. ದೇವರ ಮನೆಗೂ ಇಷ್ಟು ಮಡಿ ಇಲ್ಲ ಅಂತ ದೊಡ್ಡಮ್ಮ ಗೊಣಗ್ತಾರೆ.

2025ರ ದಸರಾ ರಜೆಗೆ ನಾನು ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅಜ್ಜನೂ ಕಣ್ಣು ತೋರಿಸೋಕೆ ಅಂತ ಭದ್ರಾವತಿಯಿಂದ ಬಂದು ಅಲ್ಲೇ ಉಳಿದಿದ್ದರು. ಆಗ ಅಣ್ಣ ತನ್ನ ಖಾನೆಯ ರಾಜ ಯಾರು ಅಂತ ತೋರಿಸಿದ. ಅದರ ಹೆಸರು ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್. ಜಪಾನಿನ ಸ್ಕ್ವೇರ್ ಎಂಬ ಕಂಪನಿ ಇದನ್ನು 1997ರ ಜೂನ್‌ನಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕೆ ಹೊರತಂದಿತು. ಅಮೆರಿಕಕ್ಕೆ ಬಂದದ್ದು 1998ರ ಜನವರಿಯಲ್ಲಿ. ಮಾಡಿದವರಲ್ಲಿ ಮುಖ್ಯರು ಯಾಸುಮಿ ಮಾತ್ಸುನೊ ಎಂಬುವರು. ಚಿತ್ರ ಬರೆದವರು ಅಕಿಹಿಕೊ ಯೋಶಿದಾ. ಇವರ ಚಿತ್ರದಲ್ಲಿ ಒಂದು ವಿಶೇಷ. ಯಾರ ಮುಖದಲ್ಲೂ ಮೂಗಿಲ್ಲ! ಅಜ್ಜ ಕನ್ನಡಕ ಒರೆಸಿಕೊಂಡು ನೋಡಿ, "ಇವ್ರೆಲ್ಲ ಶೂರ್ಪನಖಿ ವಂಶದೋರೇನೋ?" ಅಂತ ಕೇಳಿದರು. ನಾವು ನಕ್ಕೂ ನಕ್ಕೂ ಸಾಕಾಯ್ತು.

ಆಟ ಶುರುವಾಗುವಾಗ ಹೆಸರು, ಹುಟ್ಟಿದ ದಿನ ಎರಡನ್ನೂ ಕೇಳುತ್ತದೆ. ನಾನು ಅಜ್ಜನ ಹುಟ್ಟಿದ ದಿನ ಹಾಕೋಣ ಅಂದೆ. ಅಜ್ಜನಿಗೆ ಅದು ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡರಂತೆ. ನಮ್ಮೂರಲ್ಲೂ ಅರ್ಧ ಜನ ಜೂನ್ 1ರಂದೇ ಹುಟ್ಟಿದ್ದಾರಲ್ಲ, ಹಾಗೆ. ಅದನ್ನೇ ಹಾಕಿದೆವು. ಮಿಥುನ ರಾಶಿ ಬಂತು. ಈ ಆಟದಲ್ಲಿ ರಾಶಿ ಸುಮ್ಮನೆ ಅಲ್ಲ. ಯಾವ ರಾಶಿಯವರಿಗೆ ಯಾವ ರಾಶಿ ಆಗಿಬರುತ್ತೋ ಅದರ ಮೇಲೆ ಪೆಟ್ಟಿನ ಬಲ, ಔಷಧಿಯ ಗುಣ ಎಲ್ಲ ಹೆಚ್ಚು ಕಡಿಮೆ ಆಗುತ್ತೆ. ಅಜ್ಜಿ ಇದ್ದಿದ್ರೆ ಪಂಚಾಂಗ ತಗೊಂಡು ಬಂದು ಕೂರ್ತಿದ್ದಳು.

ಯುದ್ಧ ನಡೆಯುವ ಜಾಗ ಒಂದು ಸಣ್ಣ ಬೊಂಬೆ ಮನೆಯ ಹಾಗಿದೆ. ಗೌರಿ ಹಬ್ಬಕ್ಕೆ ಮಣ್ಣಲ್ಲಿ ಗುಡ್ಡ, ಮೆಟ್ಟಿಲು ಮಾಡ್ತೀವಲ್ಲ, ಹಾಗೆ. ನೆಲವೆಲ್ಲ ಚೌಕ ಚೌಕ. ತಿರುಗಿಸಿ ನಾಲ್ಕು ಕಡೆಯಿಂದಲೂ ನೋಡಬಹುದು. ಒಬ್ಬರಾದ ಮೇಲೆ ಒಬ್ಬರು ನಡೆಸಬೇಕು, ಚುರುಕಾದವರಿಗೆ ಸರದಿ ಬೇಗ ಬರುತ್ತೆ. ಎತ್ತರದಲ್ಲಿ ನಿಂತ ಬಿಲ್ಲುಗಾರನ ಬಾಣ ದೂರ ಹೋಗುತ್ತೆ. ಮುಂದಿನಿಂದ ಹೊಡೆದರೆ ತಪ್ಪಿಸಿಕೊಳ್ಳುವವರು ಬೆನ್ನಿಗೆ ಹೊಡೆದರೆ ತಪ್ಪಿಸಿಕೊಳ್ಳಲಾರರು. ಆದ್ದರಿಂದ ನಡೆ ಮುಗಿಸುವಾಗ ಯಾವ ಕಡೆಗೆ ಮುಖ ಮಾಡಿ ನಿಲ್ಲಬೇಕು ಅಂತಲೂ ಯೋಚಿಸಬೇಕು. ಮೊದಲಿಗೆ ಎರಡೇ ಕಸುಬು, ಒಬ್ಬ ಸಾಮಾನ್ಯ ಯೋಧ, ಇನ್ನೊಬ್ಬ ಔಷಧಿಯವನು. ಕಲಿತಂತೆಲ್ಲ ಬಿಲ್ಲುಗಾರ, ಮಂತ್ರವಾದಿ, ಕಳ್ಳ ಅಂತ ಹೊಸ ಕಸುಬುಗಳು ತೆರೆದುಕೊಳ್ಳುತ್ತವೆ. ಒಂದು ಕಸುಬಿನಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಹೋದಾಗಲೂ ಇಟ್ಟುಕೊಳ್ಳಬಹುದು. ಇದು ನನಗೆ ತುಂಬಾ ಇಷ್ಟವಾಯಿತು. ನಮ್ಮ ಅಪ್ಪ ಮೊದಲು ಗಾರೆ ಕೆಲಸ ಮಾಡ್ತಿದ್ದರು, ಈಗ ಅಡಿಕೆ ತೋಟದ ಕೆಲಸ, ಆದರೂ ನಮ್ಮನೆ ಗೋಡೆ ಬಿರುಕು ಬಿಟ್ಟರೆ ಅವರೇ ಮುಚ್ಚುತ್ತಾರಲ್ಲ.

ಬಿದ್ದವರ ತಲೆಯ ಮೇಲೆ ಮೂರರಿಂದ ಎಣಿಕೆ ಶುರುವಾಗುತ್ತೆ. ಅದು ಮುಗಿಯುವುದರೊಳಗೆ ಎಬ್ಬಿಸದಿದ್ದರೆ ಅವರು ಒಂದು ಹರಳಾಗಿಯೋ ಪೆಟ್ಟಿಗೆಯಾಗಿಯೋ ಮಾರ್ಪಡುತ್ತಾರೆ. ಮತ್ತೆ ಎಂದೂ ಬರುವುದಿಲ್ಲ. ನನ್ನ ಸೈನ್ಯದ ಬಿಲ್ಲುಗಾರ ಹುಡುಗಿಯೊಬ್ಬಳು ಹೀಗೆ ಹೋದಳು. ನನಗೆ ಅಳುವೇ ಬಂತು. ಆಗ ಅಜ್ಜ, "ತಿಂದ ಕುರಿ ವಾಪಸ್ ಬರಲ್ಲ, ಉಳಿದವ್ರನ್ನ ನೋಡು" ಅಂದರು. ಅವತ್ತಿನಿಂದ ಅಜ್ಜ ಕುರ್ಚಿ ಹಾಕಿಕೊಂಡು ಟಿ.ವಿ. ಮುಂದೆ ಕೂರೋಕೆ ಶುರು ಮಾಡಿದರು. ಇಂಗ್ಲಿಷ್ ಒಂದಕ್ಷರ ಬರದಿದ್ದರೂ "ಮೇಲಿನ ಮನೆ ಹಿಡಿ", "ಅವನ ಹಿಂದೆ ಖಾಲಿ ಬಿಡಬೇಡ" ಅಂತ ಹೇಳ್ತಿದ್ದರು. ಹತ್ತಕ್ಕೆ ಎಂಟು ಸಲ ಅವರ ಮಾತೇ ಸರಿಯಾಗ್ತಿತ್ತು.

ಕಥೆಯನ್ನು ಪೂರ್ತಿ ಹೇಳಿದರೆ ಈ ಗೋಡೆ ಸಾಲದು. ಇವಾಲೀಸ್ ಅನ್ನೋ ರಾಜ್ಯ. ಐವತ್ತು ವರ್ಷದ ಯುದ್ಧ ಮುಗಿದಿದೆ. ಯುದ್ಧ ಮಾಡಿದ ಬಡ ಸೈನಿಕರಿಗೆ ಸಂಬಳ ಕೊಡಲಿಲ್ಲ, ಅವರು ದಂಗೆ ಎದ್ದಿದ್ದಾರೆ. ರಾಜ ಸತ್ತು ರಾಜಕುಮಾರ ಇನ್ನೂ ತೊಟ್ಟಿಲಲ್ಲಿದ್ದಾನೆ, ಅಧಿಕಾರಕ್ಕಾಗಿ ಇಬ್ಬರು ದೊಡ್ಡವರು ಬಡಿದಾಡ್ತಾರೆ. ರಾಮ್ಜಾ ದೊಡ್ಡ ಮನೆಯ ಹುಡುಗ. ಡೆಲಿಟಾ ಅದೇ ಮನೆಯಲ್ಲಿ ಬೆಳೆದ ಬಡ ಹುಡುಗ. ಡೆಲಿಟಾನ ತಂಗಿಯನ್ನು ದಂಗೆಕೋರರು ಹಿಡಿದುಕೊಂಡಾಗ, ರಾಮ್ಜಾನ ಅಣ್ಣ ಬಾಣ ಬಿಡಲು ಹೇಳಿಬಿಡುತ್ತಾನೆ. ಬಡವರ ಹುಡುಗಿ ತಾನೆ ಅಂತ. ಅವಳು ಸಾಯುತ್ತಾಳೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಕೊನೆಗೆ ಚರಿತ್ರೆಯಲ್ಲಿ ಡೆಲಿಟಾನ ಹೆಸರು ಉಳಿಯುತ್ತೆ, ರಾಮ್ಜಾನ ಹೆಸರನ್ನು ಅಳಿಸಿಬಿಡ್ತಾರೆ. ನಿಜ ಬರೆದಿಟ್ಟವನ ಕಾಗದಗಳು 400 ವರ್ಷ ಆದ ಮೇಲೆ ಹೊರಬರುತ್ತವೆ. ಬರೆದವನ ಹೆಸರು ದುರೈ! ನಮ್ಮ ಭದ್ರಾವತಿಯಲ್ಲಿ ಆ ಹೆಸರಿನವರು ಬೇಕಾದಷ್ಟು ಜನ ಇದ್ದಾರೆ. ಅಜ್ಜನ ಶಿಫ್ಟಿನಲ್ಲೇ ಇಬ್ಬರಿದ್ದರಂತೆ.

ಅಣ್ಣನ ಡಿಸ್ಕು ಅಮೆರಿಕದ್ದು. ಅವನ ಗೆಳೆಯನ ಅಣ್ಣ ಅಲ್ಲಿಂದ ಬರುವಾಗ ಯಂತ್ರವನ್ನೂ ಡಿಸ್ಕನ್ನೂ ತಂದಿದ್ದ, ಇವನು ಕಂತಿನಲ್ಲಿ ಕೊಂಡ. ಅಮೆರಿಕದ ಡಿಸ್ಕು ಅಮೆರಿಕದ ಯಂತ್ರದಲ್ಲೇ ಓಡಬೇಕು, ಅಮೆರಿಕದ ಯಂತ್ರಕ್ಕೆ ನಮ್ಮ ಕರೆಂಟು ಜಾಸ್ತಿ. ಹಾಗಾಗಿ ನಡುವೆ ಒಂದು ಟ್ರಾನ್ಸ್‌ಫಾರ್ಮರ್. ಅದು ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತಿರುತ್ತೆ. ಡಿಸ್ಕಿನ ತಳ ಕಪ್ಪಗಿದೆ. ಪ್ಲೇಸ್ಟೇಷನ್ನಿನ ಅಸಲಿ ಡಿಸ್ಕುಗಳೆಲ್ಲ ಹಾಗೇ. ಪೇಟೆಯಲ್ಲಿ ಸಿಗುತ್ತಿದ್ದ ನಕಲಿಗಳು ಬೆಳ್ಳಗೆ ಇರ್ತಿದ್ದವಂತೆ. ಡಬ್ಬಿಯ ಪಟ್ಟಿಯೂ ಕಪ್ಪು ಇರಬೇಕು. ಆಮೇಲೆ ಕಡಿಮೆ ಬೆಲೆಗೆ ಮರುಮುದ್ರಣ ಮಾಡಿದ್ದರ ಪಟ್ಟಿ ಹಸಿರು. ಒಳಗಿನ ಆಟ ಎರಡರಲ್ಲೂ ಒಂದೇ, ಆದರೂ ಸಂಗ್ರಹ ಮಾಡೋರು ಕಪ್ಪೇ ಬೇಕು ಅಂತಾರೆ.

"ಒಂದೇ ಆಟ ಅಂದ್ಮೇಲೆ ಪಟ್ಟಿ ಯಾವ ಬಣ್ಣ ಇದ್ರೆ ಏನು?" ಅಂತ ನಾನು ಕೇಳಿದೆ.

ಅಣ್ಣ ತಲೆ ಕೆರೆದುಕೊಂಡ. ಆಮೇಲೆ ಹೇಳಿದ್ದು ಇಷ್ಟು. ಆ ಕಾಲದಲ್ಲಿ ಈ ಆಟವನ್ನು ಯುರೋಪಿನಲ್ಲಿ ಮಾರಲೇ ಇಲ್ಲ. ಜಪಾನಿ ಬರದವರು ಆಡಬೇಕಾದರೆ ಅಮೆರಿಕದ ಡಿಸ್ಕೇ ಗತಿ. ಅದರ ಇಂಗ್ಲಿಷೋ, ತಪ್ಪು ತಪ್ಪು! ನಮ್ಮ ಇಂಗ್ಲಿಷ್ ಮಿಸ್ ಕೈಗೆ ಸಿಕ್ಕಿದ್ರೆ ಪುಟವೆಲ್ಲ ಕೆಂಪಾಗ್ತಿತ್ತು. 2007ರಲ್ಲಿ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಮತ್ತೆ ತಂದಾಗ ಮಾತುಗಳನ್ನೆಲ್ಲ ಹೊಸದಾಗಿ, ಹಳೇ ನಾಟಕದ ಥರ ಬರೆಸಿದರು. ಹಾಗಾಗಿ ಆ ಮೊದಲಿನ ಒರಟು ಮಾತು ಕೇಳಬೇಕಾದರೆ ಹಳೇ ಡಿಸ್ಕಿಗೇ ಹೋಗಬೇಕು. ನಾವು ಆಡುತ್ತಿದ್ದಾಗಲೇ, 2025ರ ಸೆಪ್ಟೆಂಬರ್ 30ಕ್ಕೆ, ಹೊಸ ಯಂತ್ರಗಳಿಗೆ ಇನ್ನೊಂದು ಹೊಸ ರೂಪ ಬಂತು. ಅದನ್ನು ಮಾಡಲು ಹೊರಟಾಗ ಮೊದಲಿನ ಪ್ರೋಗ್ರಾಂ ಕಂಪನಿಯವರ ಹತ್ತಿರವೇ ಉಳಿದಿರಲಿಲ್ಲವಂತೆ, ಮತ್ತೆ ಕಟ್ಟಬೇಕಾಯಿತು ಅಂತ ಮಾಡಿದವರೇ ಹೇಳಿದ್ದಾರೆ. "ನೋಡು, ಮಾಡಿದೋರೇ ಕಳ್ಕೊಂಡಿದ್ದು ನನ್ನ ಬೀರುವಿನಲ್ಲಿ ಇದೆ" ಅಂದ ಅಣ್ಣ. ಹೇಳುವಾಗ ಅವನ ಮುಖ ನೋಡಬೇಕಿತ್ತು.

ಕೆಲವರು ಹೊಸ ಡಬ್ಬಿಯ ಪ್ಲಾಸ್ಟಿಕ್ ಕಾಗದವನ್ನೂ ಹರಿಯದೆ, ಗಾಜಿನಂಥ ಪೆಟ್ಟಿಗೆಯಲ್ಲಿ ಮುಚ್ಚಿಸಿ, ಮಾರ್ಕ್ಸ್ ಹಾಕಿಸಿ ಇಟ್ಟುಕೊಳ್ಳುತ್ತಾರಂತೆ. ಇದು ನನಗೆ ಸ್ವಲ್ಪವೂ ಸರಿ ಅನ್ನಿಸಲಿಲ್ಲ. ನಮ್ಮ ಅಜ್ಜಿ ಧಾರೆ ಸೀರೆಯನ್ನು ಉಡದೇ ಉಡದೇ ಟ್ರಂಕಿನಲ್ಲಿ ಇಟ್ಟು, ಕೊನೆಗೆ ತೆಗೆದಾಗ ಮಡಿಕೆ ಮಡಿಕೆಗೂ ಸೀಳಿತ್ತು. ಅಣ್ಣ ಹಾಗಲ್ಲ, ಇರೋದನ್ನೆಲ್ಲ ಆಡ್ತಾನೆ.

ಇಷ್ಟರಲ್ಲಿ ಮನೆಯಲ್ಲಿ ಒಂದು ವಿಷಯ ನಡೆಯುತ್ತಿತ್ತು. ಅಕ್ಕನ ನರ್ಸಿಂಗ್ ಎರಡನೇ ವರ್ಷದ ಫೀಸು ಕಟ್ಟುವ ದಿನ ಹತ್ತಿರ ಬಂದಿತ್ತು. ಎಂಟು ಸಾವಿರ ಕಡಿಮೆ ಬಿದ್ದಿತ್ತು. ದೊಡ್ಡಪ್ಪ ಇಲ್ಲ, ನಿಮಗೆ ಗೊತ್ತಲ್ಲ. ಬೆಂಗಳೂರಿನ ಒಬ್ಬರು ಅಣ್ಣನ ಮೂರು ಡಿಸ್ಕಿಗೆ ಎಂಟು ಸಾವಿರ ಕೊಡ್ತೀನಿ ಅಂತ ಫೋನ್ ಮಾಡಿದ್ದರು. ಆದರೆ ಮೂರರಲ್ಲಿ ಟ್ಯಾಕ್ಟಿಕ್ಸ್ ಇರಲೇಬೇಕು, ಅದಿಲ್ಲದಿದ್ದರೆ ಉಳಿದೆರಡು ಬೇಡ ಅಂತ.

"ಪ್ಲಾಸ್ಟಿಕ್ ಡಬ್ಬಿಗೆ ಎಂಟು ಸಾವಿರ ಕೊಡೋರು ಸಿಕ್ಕಿದ್ದೇ ಪುಣ್ಯ, ಯೋಚ್ನೆ ಏನೋ ಮಾಡೋದು?" ಅಂದರು ದೊಡ್ಡಮ್ಮ.

"ನನ್ನ ಫೀಸಿಗೆ ಅಂತ ಅದನ್ನ ಮಾರ್ಬೇಡ ಕಣೋ. ದಸರಾಕ್ಕೆ ಮೆಹಂದಿ ಹಾಕಿದ ದುಡ್ಡು ಬರುತ್ತೆ" ಅಂದಳು ಅಕ್ಕ. ಮೆಹಂದಿಯಿಂದ ಬರುವುದು ಎಷ್ಟು ಅಂತ ನಮಗೆಲ್ಲ ಗೊತ್ತಿತ್ತು.

ಅಣ್ಣ ಎರಡು ದಿನ ಏನೂ ಮಾತಾಡಲಿಲ್ಲ. ಮೂರನೇ ದಿನ ಫೋನ್ ಮಾಡಿ ಭಾನುವಾರ ಬನ್ನಿ ಅಂದ. ನಂತರ ನನ್ನನ್ನು ಕರೆದು, "ಶನಿವಾರ ರಾತ್ರಿ ತನಕ ನಿನ್ನದೇ. ಎಷ್ಟು ಆಗುತ್ತೋ ಅಷ್ಟು ಆಡಿಬಿಡು" ಅಂದ.

ನಾನು ಆಗ ರಿಯೋವೇನ್ಸ್ ಕೋಟೆಯ ಹತ್ತಿರ ಬಂದಿದ್ದೆ. ಈ ಕೋಟೆ ಇಡೀ ಪ್ರಪಂಚದಲ್ಲಿ ಹೆಸರುವಾಸಿ. ಬಾಗಿಲ ಯುದ್ಧ ಗೆದ್ದ ಮೇಲೆ ಆಟವನ್ನು ಮೆಮೊರಿ ಕಾರ್ಡಿನಲ್ಲಿ ಉಳಿಸಿಕೊಳ್ಳಬಹುದು, ಆದರೆ ಹಿಂದಕ್ಕೆ ಹೋಗಿ ತಯಾರಿ ಮಾಡಿಕೊಳ್ಳುವ ಹಾಗಿಲ್ಲ. ಒಳಗೆ ವೀಗ್ರಾಫ್ ಎಂಬುವನ ಜೊತೆ ರಾಮ್ಜಾ ಒಬ್ಬನೇ ಹೋರಾಡಬೇಕು. ಅಲ್ಲಿ ಸಿಕ್ಕಿಹಾಕಿಕೊಂಡು ಆಟವನ್ನೇ ಮೊದಲಿನಿಂದ ಶುರು ಮಾಡಿದವರು ಎಷ್ಟೋ ಜನ. ಅಣ್ಣನೂ ಅವರಲ್ಲಿ ಒಬ್ಬ. ಅದಕ್ಕೆ ಬೇರೆ ಖಾನೆಯಲ್ಲಿ ಇನ್ನೊಂದು ಪ್ರತಿ ಇಟ್ಟುಕೋ ಅಂತ ಮೊದಲೇ ಹೇಳಿಕೊಟ್ಟಿದ್ದ. ಮೆಮೊರಿ ಕಾರ್ಡಿನಲ್ಲಿ ಇರೋದು 15 ಖಾನೆ. ಕುರಿಗಳೂ 15. ಇದು ನನಗೆ ಆಮೇಲೆ ಹೊಳೆಯಿತು.

ಶನಿವಾರ ರಾತ್ರಿ ವೀಗ್ರಾಫ್ ನನ್ನನ್ನು ಆರು ಸಲ ಕೊಂದ. ಏಳನೇ ಸಲ ಅಜ್ಜ ಕುರ್ಚಿ ಹತ್ತಿರ ಎಳೆದುಕೊಂಡು, "ಒಂಟಿ ಕುರಿ ಹುಲಿ ಮುಂದೆ ನಿಲ್ತದೇನೇ? ಓಡು. ಸಿಗಬೇಡ" ಅಂದರು. ರಾಮ್ಜಾನಿಗೆ ಕೂಗುವುದು ಅಂತ ಒಂದು ವಿದ್ಯೆ ಇದೆ, ಕೂಗಿದರೆ ಚುರುಕು ಹೆಚ್ಚುತ್ತೆ. ಅಣ್ಣ ಅದನ್ನು ನೆನಪಿಸಿದ. ಓಡುವುದು, ಕೂಗುವುದು, ಮತ್ತೆ ಓಡುವುದು. ಹೀಗೆ ಮಾಡುತ್ತಾ ಮಾಡುತ್ತಾ ಅವನಿಗೆ ಒಂದು ಸರದಿ ಬರುವುದರೊಳಗೆ ನನಗೆ ಎರಡು ಮೂರು ಬರತೊಡಗಿದವು. ಆಮೇಲೆ ಹೊಡೆದೆ. ಗೆದ್ದೆ! ಅಜ್ಜ ಚಪ್ಪಾಳೆ ತಟ್ಟಿದರು, ಅಕ್ಕ ಓದುತ್ತಿದ್ದವಳು ಎದ್ದು ಬಂದಳು. ಅಷ್ಟರಲ್ಲಿ ವೀಗ್ರಾಫ್ ಸೋತವನು ರಾಕ್ಷಸನಾಗಿ ಎದ್ದ. ನನ್ನವರೆಲ್ಲ ಒಳಗೆ ಬಂದರು. ಇನ್ನೇನು ನಡೆಸಬೇಕು, ಕರೆಂಟು ಹೋಯಿತು. ಟ್ರಾನ್ಸ್‌ಫಾರ್ಮರಿನ ಗುಂಯ್ ಶಬ್ದ ನಿಂತ ಮೇಲೆ ಮನೆ ಎಷ್ಟು ನಿಶ್ಶಬ್ದವಾಯಿತು ಅಂದರೆ ಅಜ್ಜನ ಉಸಿರು ಕೇಳಿಸುತ್ತಿತ್ತು. ಮಧ್ಯದಲ್ಲಿ ಉಳಿಸಿಕೊಳ್ಳಲು ಆಗುವುದಿಲ್ಲ, ಆದ್ದರಿಂದ ಗೆದ್ದದ್ದೂ ಹೋಯಿತು. ಕರೆಂಟು ಬಂದದ್ದು ಬೆಳಗಿನ ಜಾವ.

ಭಾನುವಾರ ಅವರು ರೈಲಿನಲ್ಲಿ ಬಂದರು. ಕನ್ನಡಕದ ಸಣ್ಣ ವಯಸ್ಸಿನವರು, ಚಪ್ಪಲಿ ಹೊರಗೆ ಬಿಟ್ಟು, ಅಜ್ಜನಿಗೆ ನಮಸ್ಕಾರ ಮಾಡಿ ಕೂತರು. ನಾನು ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತ ನಿರ್ಧಾರ ಮಾಡಿದ್ದೆ, ಆದರೆ ಆಗಲಿಲ್ಲ. ಡಿಸ್ಕನ್ನು ಅಂಚಿನಲ್ಲೇ ಹಿಡಿದು, ಕಿಟಕಿ ಬೆಳಕಿಗೆ ಓರೆಯಾಗಿ ನೋಡಿದರು. ಪುಸ್ತಕದ ಪುಟ ಎಣಿಸಿದರು. ಬೂಷ್ಟು ಇಲ್ಲದ್ದು ನೋಡಿ ಅಣ್ಣನಿಗೆ, "ಮಲೆನಾಡಲ್ಲಿ ಇದ್ದು ಹೆಂಗೆ ಇಷ್ಟು ಚೆನ್ನಾಗಿ ಇಟ್ಕೊಂಡ್ರಿ?" ಅಂತ ಕೇಳಿದರು. ಅಣ್ಣ ಚಪ್ಪಲಿ ಡಬ್ಬಿಯ ಪೊಟ್ಟಣ ತೋರಿಸಿದ. ಹೊಸ ರೂಪ ಬಂದಿದೆಯಲ್ಲ, ಇದು ಯಾಕೆ ಅಂತ ನಾನು ಕೇಳಿದ್ದಕ್ಕೆ, ಚಿಕ್ಕವರಿದ್ದಾಗ ಕಂಪ್ಯೂಟರಿನಲ್ಲಿ ಕದ್ದ ಪ್ರತಿ ಆಡಿದ್ದರಂತೆ, ಅಸಲಿಯನ್ನು ಮುಟ್ಟಬೇಕು ಅಂತ ಆಗಿನಿಂದ ಆಸೆ ಅಂದರು.

ಆಮೇಲೆ ಅವರ ಕಣ್ಣು ಅಜ್ಜನ ತಗಡಿನ ಮೇಲೆ ಬಿತ್ತು. ಅಜ್ಜ ಕುರಿ ತಗೊಂಡರು, ಅವರಿಗೆ ಹುಲಿ ಕೊಟ್ಟರು. ಎರಡು ಆಟ ಆಡಿದರು, ಎರಡರಲ್ಲೂ ಹುಲಿ ಕಟ್ಟಿಹೋಯಿತು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಇಂಥ ಆಟದ ಮಣೆಗಳನ್ನು ಸೇರಿಸಿ "ಕ್ರೀಡಾ ಕೌಶಲ್ಯ" ಎಂಬ ಪ್ರದರ್ಶನ ಮಾಡುತ್ತಾ ಬಂದಿದ್ದಾರೆ ಅಂತ ಅವರೇ ಹೇಳಿದ್ದು. ಹುಲಿ-ಕುರಿ, ಚನ್ನೆಮಣೆ, ಚೌಕಾಬಾರ, ಪಗಡೆ ಎಲ್ಲ ಇರುತ್ತವಂತೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಈ ಹುಚ್ಚು ಬಹಳ ಇತ್ತೆಂದು ನಮ್ಮ ಸಮಾಜ ಮೇಷ್ಟ್ರು ಹೇಳಿದ್ದು ನನಗೆ ನೆನಪಾಯಿತು. ಚದುರಂಗದ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಹಾಯಿಸುವುದನ್ನು ಲೆಕ್ಕ ಹಾಕಿಟ್ಟವರು ಅವರು.

"ಅಜ್ಜ, ಈ ತಗಡು ಕೊಡ್ತೀರಾ? ಬೆಲೆ ನೀವೇ ಹೇಳಿ" ಅಂದರು ಬಂದವರು.

"ಇದಕ್ಕೆ ಯಾಕಪ್ಪ ದುಡ್ಡು?" ಅಂತ ಅಜ್ಜ ನನ್ನ ನೋಟ್‌ಬುಕ್ಕಿನ ಹಾಳೆ ಹರಿದು, ಗೆರೆ ಎಳೆದು, 23 ಮನೆಗೂ ಚುಕ್ಕಿ ಇಟ್ಟು ಕೊಟ್ಟರು. "ಹುಣಸೆಬೀಜ ಸಿಗ್ತದಲ್ಲ ಬೆಂಗಳೂರಲ್ಲಿ?" ಅವರು ಹಾಳೆಯನ್ನು ಮಡಿಸದೆ, ಡಿಸ್ಕಿನ ಡಬ್ಬಿಯ ಜೊತೆ ಅದೇ ಚೀಲದಲ್ಲಿ ಇಟ್ಟುಕೊಂಡರು. ತಗಡು ಮಾತ್ರ ಅಜ್ಜನ ಟವೆಲಿಗೇ ವಾಪಸ್ ಹೋಯಿತು.

ಅಣ್ಣನ ಆಟಕ್ಕೆ ಹೀಗೆ ಹಾಳೆ ಹರಿದು ಗೆರೆ ಎಳೆಯಲು ಬರುವುದಿಲ್ಲ. ಡಿಸ್ಕು ಹೋದರೆ ಹೋಯಿತು. ಅವರು ಹೋದ ಮೇಲೆ ಅಣ್ಣ ಬೀರುವಿನ ಖಾಲಿ ಜಾಗಕ್ಕೆ ಉಳಿದ ಡಬ್ಬಿಗಳನ್ನು ಸರಿಸಿ ಸರಿಸಿ ಜೋಡಿಸಿದ, ಎಷ್ಟು ಜೋಡಿಸಿದರೂ ಮೂರು ಡಬ್ಬಿಯ ಸಂದು ಉಳೀತಿತ್ತು. ಸೋಮವಾರ ಬೆಳಗ್ಗೆ ಅಕ್ಕ ಫೀಸು ಕಟ್ಟಿ ಬಂದು ರಸೀದಿಯನ್ನು ಆ ಸಂದಿನಲ್ಲಿ ನಿಲ್ಲಿಸಿದಳು. ಅಣ್ಣ ನೋಡಿದ, ತೆಗೆಯಲಿಲ್ಲ.

ಮೆಮೊರಿ ಕಾರ್ಡನ್ನು ಮಾತ್ರ ಅವನು ಕೊಟ್ಟಿಲ್ಲ. ಅದರ ಒಂದು ಖಾನೆಯಲ್ಲಿ ಜೂನ್ 1ರಂದು ಹುಟ್ಟಿದ ರಾಮ್ಜಾ ರಿಯೋವೇನ್ಸ್ ಕೋಟೆಯ ಬಾಗಿಲ ಒಳಗೆ ನಿಂತೇ ಇದ್ದಾನೆ. ಹೊಸ ರೂಪದ ಆಟ ಆಡೋಕೆ ಬೇರೆ ಯಂತ್ರ ಬೇಕು, ಅದು ನಮ್ಮ ಕೈಗೆಟುಕುವ ಮಾತಲ್ಲ. ಹಸಿರು ಪಟ್ಟಿಯದು ಎಲ್ಲಾದರೂ ಅಗ್ಗಕ್ಕೆ ಸಿಕ್ಕಿದರೆ ತಗೊಳ್ಳೋಣ ಅಂತ ಅಣ್ಣ ಹೇಳಿದ್ದಾನೆ. ಒಳಗಿನ ಆಟ ಒಂದೇ ತಾನೆ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅರಳಿಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಹುಲಿ-ಕುರಿ ಗೆರೆ ಎಳೆದಿರುತ್ತೇನೆ. ಆಡುವವರು ಬರಬಹುದು. ಹುಣಸೆಬೀಜ ನೀವೇ ತರಬೇಕು. ಹುಲಿ ಯಾರು ಬೇಕಾದರೂ ಆಗಿ, ಕುರಿ ನನ್ನದು.

— 7ನೇ ತರಗತಿಯ ವಿದ್ಯಾರ್ಥಿನಿ